ಮನೆಗೊಬ್ಬಳೇ ಅಂಜುಬುರುಕಿ

ಭಾನುವಾರದ ಊಟಕ್ಕೆ ಕುಳಿತಾಗ ಕ್ಲೆಮ್, ತಾನು ಡಾಕ್ಟರ ಹತ್ತಿರ ಹೋಗಿ ಬಂದೆನೆಂದೂ ಮನಸ್ಸಿನ ಪರೀಕ್ಷೆಯಲ್ಲಿ ಮೊದಲ ದರ್ಜೆಯಲ್ಲಿ ಪಾಸಾದೆನೆಂದೂ ಸಾರಿದ. ಕುರಿತೊಡೆ ಕೊಯ್ಯುತ್ತಿದ್ದ ಅವನ ತಾಯಿ ನೋಲಾ ಚಾಕು ಕೆಳಗಿಟ್ಟು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಮಗ ಅಷ್ಟಕ್ಕೇ ನಿಲ್ಲಿಸಲಿಲ್ಲ. ಡಾಕ್ಟರ್ ಹೆಸ್ಕೆತ್ ಮೂಗಿನಲ್ಲಿ ಮಾತಾಡುವ ಧಾಟಿಯನ್ನೇ ಎತ್ತಿಕೊಂಡು, ಯಾವುದರಲ್ಲೂ ಮನಸ್ಸಿಲ್ಲ ಅನ್ನಿಸಿತೇ, ನಿದ್ದೆ ಸರಿಯಾಗಿ ಬಂತೇ, ಬದುಕು ಬೇಡ ಅನ್ನಿಸಿತೇ ಎಂದು ಒಂದೊಂದೇ ಪ್ರಶ್ನೆ ಕೇಳಿ, ತಾನೇ ತಲೆ ತಗ್ಗಿಸಿ ಟಿಕ್ ಹಾಕುವ ಅಭಿನಯ ಮಾಡಿದ.

“ನಿದ್ದೆಗೆ ಮಾತ್ರ ‘ಒಮ್ಮೊಮ್ಮೆ ತೊಂದರೆ’ ಅಂತ ಹಾಕ್ದೆ,” ಎಂದ. “ಎಲ್ಲಾದಕ್ಕೂ ಇಲ್ಲ ಇಲ್ಲ ಅಂದ್ರೆ ಅನುಮಾನ ಬರುತ್ತೆ ನೋಡಿ.”

ನೋಲಾ ಇನ್ನೊಮ್ಮೆ ನಕ್ಕಳು. ಐಲ್ಸಾ ನಗಲಿಲ್ಲ. ತಮ್ಮನ ಮುಖವನ್ನೇ ನೋಡುತ್ತಿದ್ದವಳು ಮುಳ್ಳುಚಮಚವನ್ನು ತಟ್ಟೆಯ ಪಕ್ಕಕ್ಕಿಟ್ಟಳು.

“ಅಂದ್ರೆ ಎಷ್ಟು ಹಾಕಿದ್ರೆ ಪಾಸು ಅಂತ ಲೆಕ್ಕ ಹಾಕಿ ಬರೆದೆ.”

“ಪರೀಕ್ಷೆ ಅಂದ್ಮೇಲೆ ಇನ್ನೇನು ಮಾಡ್ತಾರೆ ಐಲ್ಸಾ?”

“ಶುರುವಾಯ್ತು,” ಎಂದಳು ನೋಲಾ. “ಹೋಗು ಹೋಗು ಅಂತ ಅವನ ಪ್ರಾಣ ತಿಂದೆ. ಹೋಗ್ಬಂದ. ಏನೂ ಇಲ್ಲ ಅಂದ್ರು. ಈಗಲಾದ್ರೂ ಬಾಯಿ ಮುಚ್ಕೊಂಡು ಊಟ ಮಾಡು.”

ಐಲ್ಸಾ ಎದ್ದು ತಟ್ಟೆಯಲ್ಲಿದ್ದುದನ್ನೆಲ್ಲ ಕಸದ ಡಬ್ಬಿಗೆ ಸುರಿದು ಹೊರಗೆ ಬಂದಳು. ಉತ್ತರದಿಂದ ಬಿಸಿಗಾಳಿ ಬೀಸುತ್ತಿತ್ತು. ಕಾರನ್ನು ತಾಯಿಯ ಅಂಗಳದಲ್ಲೇ ಬಿಟ್ಟು, ಟೊಪ್ಪಿಗೆಯನ್ನೂ ಮರೆತು, ಸಮುದ್ರದ ದಂಡೆಯ ರಸ್ತೆಯಲ್ಲಿ ನಡೆದೇ ಮನೆ ಸೇರಿದಳು. ಐವತ್ತು ದಾಟಿದ ಹೆಂಗಸು, ಪ್ರಾಥಮಿಕ ಶಾಲೆಯ ಟೀಚರು, ಮೊಮ್ಮಗುವಿನ ಅಜ್ಜಿ. ಅಷ್ಟಾದರೂ ತಾಯಿಯ ಊಟದ ಮೇಜಿನಿಂದ ಹೊರಬೀಳುವಾಗ ಹನ್ನೆರಡು ವರ್ಷದ ಹುಡುಗಿಯಂತೆ ಹಲ್ಲು ಕಚ್ಚಿಕೊಂಡಿದ್ದಳು.

ಪೋರ್ಟ್ ಕ್ಯಾರೋ ಎಂಬ ಆ ಊರಿನಲ್ಲಿ ಟ್ರೆನೆರಿ ಮನೆತನದ ಇಬ್ಬರು ಮಕ್ಕಳ ಬಗ್ಗೆ ತೀರ್ಮಾನವಾಗಿ ಬಹಳ ಕಾಲವಾಗಿತ್ತು. ಅವರು ಚಿಕ್ಕವರಿದ್ದಾಗ ಅಡಿಲೇಡ್ ನಗರದಿಂದ ಯಾರೋ ಬಂದು ಶಾಲೆಯ ಮಕ್ಕಳ ಬುದ್ಧಿ ಅಳೆದು ಹೋಗಿದ್ದರು. ಕ್ಲೆಮ್‌ಗೆ ಬಂದ ಅಂಕಕ್ಕೆ ಹೆಡ್‌ಮಾಸ್ಟರು ಮನೆಗೇ ಬಂದು ಕೈಕುಲುಕಿದರು. ಅಂದಿನಿಂದ ನೋಲಾ ಅಂಗಡಿಯಲ್ಲಿ, ಚರ್ಚಿನಲ್ಲಿ, ದಕ್ಕೆಯಲ್ಲಿ ಒಂದೇ ಮಾತು ಹೇಳಿಕೊಂಡು ಬಂದಳು: ಅವನಿಗೆ ಮಿದುಳು ಬಂತು, ಇವಳಿಗೆ ಅಂಜುವ ನರ ಬಂತು. ಕ್ಲೆಮ್ ಓದಿ ಪಶುವೈದ್ಯನಾಗಿ ಊರಿಗೇ ಮರಳಿದ. ಸುತ್ತಲಿನ ಹಸು ಕುರಿ ಕುದುರೆಗಳಿಗೆಲ್ಲ ಅವನೇ. ಮದುವೆಯೊಂದು ಮುರಿದದ್ದನ್ನೂ ನಗೆಚಾಟಿಕೆಯ ಕಥೆ ಮಾಡಿ ಪಬ್ಬಿನಲ್ಲಿ ಹೇಳಿ ಎಲ್ಲರನ್ನೂ ನಗಿಸಿದ್ದ.

ಐಲ್ಸಾಗೆ ಭಯ ನಿಜವಾಗಿಯೂ ಇತ್ತು. ಅದನ್ನು ಅವಳು ಎಂದೂ ಇಲ್ಲವೆನ್ನಲಿಲ್ಲ. ಮಗಳು ಹುಟ್ಟಿದ ಮೇಲಿನ ವರ್ಷ ಅಡಿಲೇಡಿನ ಮನೋರೋಗದ ಆಸ್ಪತ್ರೆಯಲ್ಲಿ ಹಲವು ವಾರ ಮಲಗಿ ಬಂದವಳು. ಆಮೇಲೂ ತಾಯಿ ಫೋನು ಎತ್ತದಿದ್ದರೆ ಬಿದ್ದಿದ್ದಾಳೆಂದು ಓಡುತ್ತಿದ್ದಳು, ತಾಯಿ ಹಿತ್ತಲಲ್ಲಿ ಬಟ್ಟೆ ಹರವುತ್ತಿರುತ್ತಿದ್ದಳು. ಗಂಡ ದೋಣಿಯಿಂದ ಬರುವುದು ತಡವಾದರೆ ಕಡಲ ರಕ್ಷಣಾ ಪಡೆಗೆ ಹೇಳಿಬಿಡುತ್ತಿದ್ದಳು, ಅವನು ಸಮುದ್ರದಲ್ಲಿ ಬೆಳೆಸಿದ ಸಿಂಪಿಯ ಬುಟ್ಟಿಗಳ ನಡುವೆ ಮೋಟಾರು ರಿಪೇರಿ ಮಾಡುತ್ತಾ ಕೂತಿರುತ್ತಿದ್ದ. ಹೀಗೆ ಸುಳ್ಳಾದ ಭಯಗಳನ್ನೆಲ್ಲ ಊರು ನೆನಪಿಟ್ಟುಕೊಂಡಿತ್ತು. ಹಾಗಾಗಿ ಈ ಸಲ ಅವಳು ಬಾಯಿ ತೆರೆದಾಗ ಯಾರೂ ತಲೆಯೆತ್ತಿ ನೋಡಲಿಲ್ಲ.

ಈ ಸಲದ್ದು ಕಾಡ್ಗಿಚ್ಚಿನಿಂದ ಶುರುವಾಗಿತ್ತು. ಹಿಂದಿನ ಬೇಸಗೆಯಲ್ಲಿ ಗೋಧಿಯ ಬಯಲುಗಳನ್ನು ದಾಟಿಕೊಂಡು ಬಂದ ಬೆಂಕಿ ಬೇಲಿಗಳ ಮೂಲೆಯಲ್ಲಿ ಕುರಿಮಂದೆಗಳನ್ನು ಅರ್ಧ ಸುಟ್ಟು ಬಿಟ್ಟುಹೋಗಿತ್ತು. ಸಾಯದೆ ನಿಂತಿದ್ದವುಗಳ ನೋವು ಮುಗಿಸುವ ಕೆಲಸ ಕ್ಲೆಮ್‌ನದು. ಬೆಳಗಿನಿಂದ ಸಂಜೆವರೆಗೆ ಹೊಲದಿಂದ ಹೊಲಕ್ಕೆ ಹೋಗಿ ಅದನ್ನೇ ಮಾಡಿದ. ಆ ವಾರವೂ ಅವನು ತಮಾಷೆ ನಿಲ್ಲಿಸಲಿಲ್ಲವೆಂದು ರೈತರು ಮೆಚ್ಚಿ ಹೇಳುತ್ತಿದ್ದರು.

ಆಮೇಲೆ ಐಲ್ಸಾ ಕಂಡದ್ದು ಸಣ್ಣ ಸಣ್ಣ ಸಂಗತಿಗಳು. ಯಾರಾದರೂ ತಪ್ಪು ಹೇಳಿದರೆ ತಿದ್ದದೆ ಬಿಟ್ಟವನಲ್ಲ ಕ್ಲೆಮ್. ಈಗ ಪಬ್ಬಿನ ಕ್ವಿಜ್‌ನಲ್ಲಿ ತನ್ನ ತಂಡ ತಪ್ಪು ಉತ್ತರ ಬರೆಯುತ್ತಿದ್ದರೂ ಸುಮ್ಮನೆ ಕೂತಿದ್ದ. ಮಧ್ಯಾಹ್ನ ಚಿಕಿತ್ಸಾಲಯದ ಹಿಂದೆ ನಿಲ್ಲಿಸಿದ ಪಿಕಪ್‌ನಲ್ಲಿ ಕಿಟಕಿ ಮುಚ್ಚಿಕೊಂಡು, ಆ ಸೆಕೆಯಲ್ಲಿ, ಎಲ್ಲಿಗೂ ಹೋಗದೆ ಕೂತಿರುತ್ತಿದ್ದ. ನಗಿಸುವುದು ಮಾತ್ರ ಹೆಚ್ಚಾಗಿತ್ತು. ಆ ನಗು ಯಾವ ಕಡೆಯಿಂದ ಬರುತ್ತದೆಂದು ಅವಳಿಗೆ ಗೊತ್ತಿತ್ತು, ಆಸ್ಪತ್ರೆಯ ವಾರ್ಡಿನಲ್ಲಿ ಪಕ್ಕದ ಹಾಸಿಗೆಯ ಹೆಂಗಸು ಅದೇ ನಗು ನಗುತ್ತಿದ್ದಳು.

ಸೋಮವಾರ ಶಾಲೆ ಬಿಟ್ಟ ಮೇಲೆ ಐಲ್ಸಾ ಡಾಕ್ಟರ್ ಹೆಸ್ಕೆತ್‌ನ ಬಳಿ ಹೋದಳು. ತಮ್ಮನ ವಿಷಯ ತಾನು ಏನೂ ಹೇಳುವಂತಿಲ್ಲವೆಂದು ಅವನು ಮೊದಲೇ ಹೇಳಿದ. ನೀವು ಹೇಳಬೇಡಿ, ನಾನು ಹೇಳುವುದನ್ನು ಕೇಳಿ ಎಂದು ಅವಳು ಎಲ್ಲವನ್ನೂ ಹೇಳಿದಳು. ಡಾಕ್ಟರು ಸಹನೆಯಿಂದಲೇ ಕೇಳಿದ. ಆ ಸಹನೆಯೇ ಅವಳ ಮೈ ಉರಿಸಿತು. ಮಕ್ಕಳು ಬಚ್ಚಲಲ್ಲಿ ಭೂತ ಇದೆ ಎಂದಾಗ ತಾನೂ ಹೀಗೇ ಕೇಳುತ್ತೇನಲ್ಲ ಎಂದುಕೊಂಡಳು.

“ನೋಡಿ ಐಲ್ಸಾ,” ಎಂದ ಕೊನೆಗೆ. “ನಾನು ಯಾರ ಬಗ್ಗೆಯೂ ಹೇಳ್ತಿಲ್ಲ. ಸಾವಿರಾರು ಜನರನ್ನ ನೋಡಿ ಮಾಡಿದ ಅಧ್ಯಯನಗಳಿವೆ. ಬುದ್ಧಿ ಚುರುಕಾಗಿರೋರಿಗೆ ಖಿನ್ನತೆ ಸ್ವಲ್ಪ ಕಮ್ಮಿ. ಎಲ್ಲಕ್ಕೂ ಆತಂಕ ಪಡೋ ಸ್ವಭಾವದವರಿಗೆ ಜಾಸ್ತಿ, ಬಹಳ ಜಾಸ್ತಿ. ಸದ್ಯ ನನಗೆ ಯೋಚನೆ ಇರೋದು ನಿಮ್ಮ ಬಗ್ಗೆ.”

“ಅವನಿಗೆ ಆ ಸ್ವಭಾವ ಇಲ್ಲ ಅಂತ ನಿಮಗ್ಯಾರು ಹೇಳಿದ್ರು?”

ಡಾಕ್ಟರು ನಕ್ಕ. “ಅವನ ಬಗ್ಗೆ ಊರಲ್ಲಿ ಯಾರನ್ನ ಬೇಕಾದ್ರೂ ಕೇಳಿ.”

“ಬುದ್ಧಿ ಇದ್ದವನಿಗೆ ಸ್ವಭಾವ ಮುಚ್ಚಿಡೋಕೂ ಬರುತ್ತೆ ಅಂತ ಆ ಸಾವಿರ ಜನ ಹೇಳ್ಲಿಲ್ವಾ? ನಾನು ಕೇಳ್ತಿರೋದು ಸಾವಿರ ಜನರ ಬಗ್ಗೆ ಅಲ್ಲ. ಒಬ್ಬನ ಬಗ್ಗೆ.”

ಅವನು ಆಗಲೇ ಅವಳ ಹೆಸರಿಗೆ ಮಾತ್ರೆಯ ಚೀಟಿ ತೆಗೆಯುತ್ತಿದ್ದ. ಅವಳು ಅದನ್ನು ಮುಟ್ಟಲಿಲ್ಲ. ಅದು ನಿಮ್ಮ ಹತ್ತಿರವೇ ಇರಲಿ ಎಂದು ಹೇಳಿ, ಹೊರಗೆ ಕಾಯುತ್ತಿದ್ದವರೆಲ್ಲ ತಿರುಗಿ ನೋಡುವಂತೆ ಬಾಗಿಲೆಳೆದುಕೊಂಡು ಬಂದಳು. ಬೆಳಗ್ಗೆ ತಾಯಿಯ ಅಂಗಳದಿಂದ ತಂದಿದ್ದ ಕಾರಿನಲ್ಲಿ ಹೋಗಿ ಕೂತಳು. ಈ ಸಲವೂ ನನ್ನ ಊಹೆ ತಪ್ಪಾಗಿದ್ದರೆ? ಆ ಯೋಚನೆ ಬಂದದ್ದಕ್ಕೆ ತನ್ನ ಮೇಲೇ ಸಿಟ್ಟು ಬಂತು. ತಪ್ಪಾದರೆ ತಾನೇ ಏನು, ಊರು ಇನ್ನೊಮ್ಮೆ ನಗುತ್ತದೆ, ಅಷ್ಟೇ ತಾನೆ.

ಮರುದಿನ ಊಟದ ಬಿಡುವಿನಲ್ಲಿ ಬ್ರೊನ್ ಶಾಲೆಯ ಗೇಟಿಗೆ ಬಂದು ನಿಂತಿದ್ದಳು. ಕ್ಲೆಮ್‌ನ ಚಿಕಿತ್ಸಾಲಯದಲ್ಲಿ ಎಷ್ಟೋ ವರ್ಷಗಳಿಂದ ನರ್ಸ್ ಆಗಿದ್ದ ಗಟ್ಟಿ ಹೆಂಗಸು, ಹೋರಿಯನ್ನು ಕೊಂಬು ಹಿಡಿದು ನಿಲ್ಲಿಸುವವಳು. ಅವಳ ಮುಖ ಬಿಳಿಚಿಕೊಂಡಿತ್ತು. ಮುಂದಿನ ವಾರದಿಂದ ಮಾಡಬೇಕಾದ ಕೆಲಸವನ್ನೆಲ್ಲ ಕ್ಲೆಮ್ ಪಕ್ಕದ ಊರಿನ ಪಶುವೈದ್ಯೆಗೆ ಒಪ್ಪಿಸಿದ್ದಾನೆಂದೂ, ಯಾವ ವಸ್ತು ಎಲ್ಲಿದೆ, ಯಾವ ಮುದುಕನ ನಾಯಿಗೆ ಯಾವ ಔಷಧಿ ಎಂದು ತನಗೆ ಕೂಡಿಸಿ ಕಲಿಸುತ್ತಿದ್ದಾನೆಂದೂ ಹೇಳಿದಳು. ರಜಕ್ಕೆ ಹೋಗುತ್ತಾರೇನೋ ಎಂದು ತಾನು ಸುಮ್ಮನಿದ್ದೆ ಎಂದಳು.

“ನನಗೇ ಯಾಕೆ ಹೇಳ್ತಿದೀಯ?” ಎಂದಳು ಐಲ್ಸಾ.

“ಈ ಊರಲ್ಲಿ ನಗದೇ ಇರೋಳು ನೀನೊಬ್ಬಳೇ ಕಣೆ.”

ಐಲ್ಸಾ ಮಧ್ಯಾಹ್ನದ ತರಗತಿಯನ್ನು ಇನ್ನೊಬ್ಬರಿಗೆ ಒಪ್ಪಿಸಿ ಬ್ರೊನ್‌ಳೊಂದಿಗೆ ಹೊರಟಳು. ಚಿಕಿತ್ಸಾಲಯದಲ್ಲಿ ಕ್ಲೆಮ್ ಕುರಿ ಕಾಯುವ ನಾಯಿಯೊಂದರ ಪಾದಕ್ಕೆ ಹೊಲಿಗೆ ಹಾಕಿ ಮುಗಿಸಿ, ಅದರ ಯಜಮಾನನಿಗೆ ಏನೋ ತಮಾಷೆ ಹೇಳುತ್ತಿದ್ದ. ಆ ಮುದುಕ ನಗುತ್ತಾ ನಾಯಿಯನ್ನು ಎತ್ತಿಕೊಂಡು ಹೋಗುವವರೆಗೆ ಐಲ್ಸಾ ಬಾಗಿಲ ಬಳಿ ಕಾದಳು. ಆಮೇಲೆ ಒಳಕೋಣೆಗೆ ಹೋಗಿ ಔಷಧಿ ಬೀರುವಿಗೆ ಬೀಗ ಹಾಕಿದೆಯೇ ಎಂದು ಎಳೆದು ನೋಡಿ, ಮೇಜಿನ ಮೇಲಿದ್ದ ಬೀಗದ ಕೈಗೊಂಚಲನ್ನು ತೆಗೆದು ತನ್ನ ಚೀಲಕ್ಕೆ ಹಾಕಿಕೊಂಡಳು.

ಕ್ಲೆಮ್ ಅದನ್ನು ನೋಡಿದ. ಮೊದಲು ನಕ್ಕ. ಕಳ್ಳತನಕ್ಕೆ ಇಳಿದೆಯಾ, ಟೀಚರ್ ಸಂಬಳ ಸಾಲದಾಯಿತೇ ಎಂದ. ಅವಳು ಚೀಲದ ಜಿಪ್ ಎಳೆದಳು.

“ಕೊಡು ಐಲ್ಸಾ. ಸಂಜೆಗೆ ನನಗೆ ಕೆಲಸ ಇದೆ.”

“ಮುಂದಿನ ವಾರಕ್ಕೆ ಇಲ್ವಂತಲ್ಲ?”

ಅವನು ಬ್ರೊನ್ ಕಡೆ ನೋಡಿದ. ಬ್ರೊನ್ ನೆಲ ನೋಡಿದಳು.

“ರಜ ತಗೋತಿದೀನಿ. ಮನುಷ್ಯ ರಜ ತಗೋಬಾರ್ದಾ?”

“ಎಲ್ಲಿಗೆ?”

ಜಗತ್ತಿನ ನದಿ, ಬೆಟ್ಟ, ರಾಜಧಾನಿಗಳ ಹೆಸರು ನಿದ್ದೆಯಲ್ಲೂ ಹೇಳಬಲ್ಲವನು ಅವನು. ಬಾಯಿ ತೆರೆದ. ಯಾವ ಊರಿನ ಹೆಸರೂ ಬರಲಿಲ್ಲ. ಈ ಒಂದು ಸಲ ತನ್ನ ಊಹೆ ತಪ್ಪಾಗಲೆಂದು ಒಳಗೊಳಗೇ ಬೇಡಿಕೊಂಡೇ ಐಲ್ಸಾ ಬಂದಿದ್ದಳು.

“ಎಲ್ಲಿಗೆ ಕ್ಲೆಮ್? ಒಂದು ಊರು ಹೇಳು.”

“ಕೀ ಕೊಡು.”

“ಕೊಡಲ್ಲ.”

ಅವನು ಅವಳ ಚೀಲಕ್ಕೆ ಕೈಹಾಕಿ ಜಗ್ಗಿದ. ಅವಳು ಬಿಡಲಿಲ್ಲ. ಬ್ರೊನ್ ನಡುವೆ ಬಂದು ನಿಂತಳು. ಐಲ್ಸಾಗೆ ನೆನಪಿರುವಂತೆ ತಮ್ಮ ಎಂದೂ ದನಿಯೆತ್ತಿದವನಲ್ಲ, ಈಗ ಅವನ ಕಿರುಚಾಟಕ್ಕೆ ಒಳಗಿನ ಪಂಜರಗಳಲ್ಲಿದ್ದ ನಾಯಿಗಳೆಲ್ಲ ಬೊಗಳತೊಡಗಿದವು. ನೀನು ಹುಟ್ಟಿದಾಗಿನಿಂದ ಎಲ್ಲರ ಸಾವನ್ನೂ ಕಾಯುತ್ತಾ ಕೂತವಳು, ಈಗ ನನ್ನದು ಸಿಕ್ಕಿತೆಂದು ಕುಣಿಯುತ್ತಿದ್ದೀಯ ಎಂದ. ಇನ್ನೂ ಏನೇನೋ ಅಂದ. ಅವಳ ಆಸ್ಪತ್ರೆಯ ದಿನಗಳನ್ನು ಎತ್ತಿ ಆಡಿದ. ಅವಳು ನಿಂತಲ್ಲೇ ನಿಂತು ಕೇಳಿಸಿಕೊಂಡಳು.

“ನನಗೂ ಅದೇ ನರ ಬಂದಿದ್ದು, ಗೊತ್ತಾ?” ಎಂದ ಕೊನೆಗೆ, ಉಸಿರು ಕಟ್ಟಿದವನಂತೆ. “ನಿನಗೆ ಬಂದಿದ್ದೇ. ಆರು ವರ್ಷದವನಿದ್ದಾಗಿಂದ ಬಂದಿದ್ದು. ಆದ್ರೆ ಆ ಮನೇಲಿ ಆಗ್ಲೇ ಒಬ್ಬಳು ಅಳೋಳು ಇದ್ಲು. ಇಬ್ಬರನ್ನ ತಡ್ಕೊಳ್ಳೋ ಶಕ್ತಿ ಅಮ್ಮನಿಗೆ ಇರ್ಲಿಲ್ಲ. ಮನೆಗೊಬ್ಬಳೇ ಅಂಜುಬುರುಕಿ ಸಾಕು ಅಂತ ನನ್ನೆದುರಿಗೇ ಅನ್ನೋಳು. ನನಗೆ ಉಳಿದಿದ್ದು ನಗ್ಸೋ ಕೆಲಸ.”

“ನಾನು ಕೇಳಿ ಇಸ್ಕೊಂಡ್ನಾ ಅದನ್ನ?” ಐಲ್ಸಾಳ ದನಿಯೂ ಏರಿತು. “ನನಗೆ ಬೇಕು ಅಂತ ಜಗಳ ಆಡಿದ್ನಾ? ನೀನು ಮೇಜಿನ ಆ ಕಡೆ ಕೂತು ನನ್ನನ್ನ ಆಡ್ಕೊಂಡು ನಗ್ತಿದ್ದೆ. ನಲವತ್ತು ವರ್ಷ. ನಿನಗೂ ಹಾಗೇ ಆಗ್ತಿದೆ ಅಂತ ಒಂದು ದಿನ, ಒಂದೇ ಒಂದು ದಿನ ಹೇಳೋಕಾಗ್ಲಿಲ್ವಾ ನಿನಗೆ? ನಾನೊಬ್ಬಳೇ ಅಂದ್ಕೊಂಡಿದ್ನಲ್ಲೋ.”

ಅವನು ಗೋಡೆಗೆ ಒರಗಿ ಹಾಗೇ ಕೆಳಕ್ಕೆ ಜಾರಿ ಸಿಮೆಂಟಿನ ನೆಲದ ಮೇಲೆ ಕೂತ.

“ಬುದ್ಧಿಯಿಂದ ನನಗೆ ಏನು ಸಿಕ್ತು ಅಂದ್ರೆ,” ಎಂದ, “ಸುಳ್ಳು ಸಲೀಸಾಗಿ ಹೇಳೋಕೆ ಬಂತು. ಅಷ್ಟೇ.”

ಆಮೇಲೆ ಕುರಿಗಳ ಬಗ್ಗೆ ಹೇಳಿದ. ಹೊಲದ ಮೂಲೆಯಲ್ಲಿ ಅವು ಓಡದೆ ಅವನ ಕಡೆಗೇ ನಡೆದು ಬರುತ್ತಿದ್ದವಂತೆ, ಮನುಷ್ಯ ಬಂದ, ಏನಾದರೂ ಮಾಡುತ್ತಾನೆ ಎಂದು. ಅದನ್ನು ಅವನು ಯಾರಿಗೂ ಹೇಳಿರಲಿಲ್ಲ. ಹೇಳುವಾಗ ಅವನ ಮುಖದಲ್ಲಿ ಏನೂ ಇರಲಿಲ್ಲ, ಅಳುವೂ ಇರಲಿಲ್ಲ. ಬ್ರೊನ್ ಹಿಂದಕ್ಕೆ ತಿರುಗಿ ನಲ್ಲಿಯ ನೀರು ಬಿಟ್ಟುಕೊಂಡು ಸುಮ್ಮನೆ ಕೈ ತೊಳೆಯುತ್ತಿದ್ದಳು.

“ಏಳು,” ಎಂದಳು ಐಲ್ಸಾ. “ಕಾರು ಹತ್ತು.”

“ಹೆಸ್ಕೆತ್ ಹತ್ರ ಬರಲ್ಲ.”

“ಅವನ ಹತ್ರ ನಮ್ಮ ಬೆಕ್ಕನ್ನೂ ಕರ್ಕೊಂಡು ಹೋಗಲ್ಲ ನಾನು. ಏಳು.”

ಜಿಲ್ಲಾ ಆಸ್ಪತ್ರೆ ಇದ್ದ ಊರಿಗೆ ಮಧ್ಯಾಹ್ನವಿಡೀ ಕಾರು ಓಡಿಸಬೇಕಿತ್ತು. ದಾರಿಯ ಒಂದು ಕಡೆ ಬೆಂಕಿ ಹಾದುಹೋಗಿದ್ದ ಹೊಲಗಳು. ಆ ಕಡೆಯ ಸೀಟಿನಲ್ಲೇ ಕೂತಿದ್ದ ಕ್ಲೆಮ್ ಉದ್ದಕ್ಕೂ ತನ್ನ ಮೊಣಕಾಲು ನೋಡುತ್ತಿದ್ದ. ಐಲ್ಸಾಳ ಸಿಟ್ಟು ಇಳಿದಿರಲಿಲ್ಲ, ಇಳಿಯಲೆಂದು ಅವಳಿಗೆ ಅನ್ನಿಸಲೂ ಇಲ್ಲ. ಕಾರನ್ನು ನೆಟ್ಟಗೆ ಓಡಿಸಿಕೊಂಡು ಹೋದದ್ದು ಅದೇ.

ಆಸ್ಪತ್ರೆಯಲ್ಲಿ ತೋಳಿನ ತುಂಬ ಹಚ್ಚೆ ಹಾಕಿಸಿಕೊಂಡಿದ್ದ ನಡುವಯಸ್ಸಿನ ನರ್ಸ್ ಒಬ್ಬ ಅವರನ್ನು ಸಣ್ಣ ಕೋಣೆಯೊಳಗೆ ಕೂರಿಸಿ, ಕ್ಲೆಮ್ ಕೈಗೆ ಪೆನ್ನನ್ನೂ ಒಂದು ಹಾಳೆಯನ್ನೂ ಕೊಟ್ಟ. ಅದೇ ಪ್ರಶ್ನೆಗಳು. ಕ್ಲೆಮ್ ಬೆನ್ನು ನೆಟ್ಟಗೆ ಮಾಡಿ ಪೆನ್ನು ಹಿಡಿದ ರೀತಿಯಲ್ಲೇ ಐಲ್ಸಾಗೆ ತಿಳಿಯಿತು. ಶಾಲೆಯ ಹುಡುಗ ಮತ್ತೆ ಎದ್ದು ಕೂತಿದ್ದ. ಅವಳು ಹಾಳೆಯನ್ನು ಅವನ ಕೈಯಿಂದ ಕಿತ್ತು ನರ್ಸ್‌ನ ಮುಂದಿಟ್ಟಳು.

“ಇದನ್ನ ಕೊಟ್ರೆ ಇವನು ಪಾಸಾಗ್ತಾನೆ. ಚಿಕ್ಕಂದಿನಿಂದ ಪಾಸಾಗೋದೊಂದೇ ಮಾಡಿರೋದು. ನೀವೇ ಬಾಯಿಬಿಟ್ಟು ಕೇಳಿ. ಅವನ ಮುಖ ನೋಡ್ಕೊಂಡು ಕೇಳಿ.”

ನರ್ಸ್ ಅವಳನ್ನು ಒಮ್ಮೆ ನೋಡಿದ. ನಗಲಿಲ್ಲ, ಸಮಾಧಾನ ಮಾಡಿಕೊಳ್ಳಿ ಎಂದೂ ಹೇಳಲಿಲ್ಲ. ಕುರ್ಚಿಯನ್ನು ಹತ್ತಿರಕ್ಕೆಳೆದುಕೊಂಡು ಕೂತು, ಸಾಯಬೇಕೆಂದು ಯೋಚಿಸುತ್ತಿದ್ದೀರಾ ಎಂದು ಕ್ಲೆಮ್‌ನನ್ನು ನೇರವಾಗಿ ಕೇಳಿದ. ಕ್ಲೆಮ್ ಬಾಗಿಲು ನೋಡಿದ, ಅಕ್ಕನ ಕಡೆ ನೋಡಿದ. ಅವಳು ಕಣ್ಣು ತೆಗೆಯಲಿಲ್ಲ.

“ಹೌದು,” ಎಂದ. “ಈ ವಾರ.”

ಅವನನ್ನು ಅಲ್ಲೇ ಉಳಿಸಿಕೊಂಡರು.

ಐಲ್ಸಾ ಆಸ್ಪತ್ರೆಯಿಂದ ಫೋನಿನಲ್ಲಿ ಸುದ್ದಿ ತಿಳಿಸಿ ಊರಿಗೆ ಮರಳುವಷ್ಟರಲ್ಲಿ ನೋಲಾ ಅಕ್ಕಪಕ್ಕದವರಿಗೆಲ್ಲ ಮಗನಿಗೆ ಕೆಟ್ಟ ಸಿಂಪಿ ತಿಂದು ಹೊಟ್ಟೆ ಕೆಟ್ಟಿದೆ ಎಂದು ಹೇಳಿಬಿಟ್ಟಿದ್ದಳು. ಸಿಂಪಿಯಿಂದಲೇ ಹೊಟ್ಟೆ ಹೊರೆಯುವ ಊರು ಅದು. ಮೂರನೆಯ ದಿನಕ್ಕೆ ಸಿಂಪಿ ಬೆಳೆಯುವವರ ಸಂಘದ ಅಧ್ಯಕ್ಷ, ಕುರಿಯನ್ನೂ ಸಾಕಿದ್ದ ಆಂಗಸ್, ಅಂಚೆ ಕಚೇರಿಯ ಮುಂದೆ ಐಲ್ಸಾಳನ್ನು ತಡೆದು, ಯಾರ ಸಿಂಪಿ, ಯಾವ ದಿನದ್ದು, ನಿಮ್ಮಮ್ಮ ನಮ್ಮ ಹೆಸರು ಕೆಡಿಸುತ್ತಿದ್ದಾಳೆ ಎಂದು ಜಗಳಕ್ಕೇ ನಿಂತ.

“ನಿನ್ನ ಸಿಂಪಿ ಚೆನ್ನಾಗಿದೆ ಆಂಗಸ್,” ಎಂದಳು ಅವಳು, ಸುತ್ತಲಿದ್ದವರಿಗೆಲ್ಲ ಕೇಳುವ ಹಾಗೆ. “ಕ್ಲೆಮ್‌ಗೆ ಸಾಯ್ಬೇಕು ಅನ್ನಿಸಿತ್ತು. ನಿನ್ನ ಹೊಲದ ಕುರಿಗಳನ್ನೂ ಅವನೇ ಮುಗಿಸಿದ್ದಲ್ವಾ? ಆಮೇಲೆ ಒಂದು ದಿನ ಅವನನ್ನ ಹೇಗಿದೀಯ ಅಂತ ಕೇಳಿದ್ಯಾ? ಅಥವಾ ಅವನು ಹೇಳಿದ ಜೋಕಿಗೆ ನಕ್ಕು ಬಿಯರ್ ಕುಡಿಸಿ ಕಳಿಸಿದ್ಯಾ?”

ಆಂಗಸ್ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡ.

ಸುದ್ದಿ ಅವಳಿಗಿಂತ ಮೊದಲೇ ನೋಲಾಳ ಅಡುಗೆಮನೆ ತಲುಪಿತ್ತು. ತಾಯಿ ಕೂಗಾಡುತ್ತಾಳೆಂದು ಐಲ್ಸಾ ಸಿದ್ಧಳಾಗಿಯೇ ಹೋದಳು. ಬಾಯಿಗೆ ಬಂದುದನ್ನೆಲ್ಲ ಹೇಳಿ ಮುಗಿಸಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದಳು. ನೋಲಾ ಬೆಂದ ಆಲೂಗಡ್ಡೆಯ ಪಾತ್ರೆಯ ಮುಂದೆ ಸುಮ್ಮನೆ ನಿಂತಿದ್ದಳು.

“ಒಬ್ಬಳು ಹಾಗಿದ್ರೆ ಸ್ವಭಾವ ಅನ್ಬಹುದು,” ಎಂದಳು ತಿರುಗದೆ. “ಇಬ್ಬರೂ ಹಾಗೇ ಅಂದ್ರೆ ಅದು ನನ್ನಿಂದ ಬಂದಿದ್ದು ಅಂತಾಗುತ್ತಲ್ಲೇ.”

“ಬಂದಿರಬಹುದಮ್ಮ. ಅದಕ್ಕಲ್ಲ ನನಗೆ ಸಿಟ್ಟು. ನಮ್ಮಿಬ್ಬರನ್ನ ಹಂಚಿಬಿಟ್ಯಲ್ಲ, ಅದಕ್ಕೆ.”

ನೋಲಾ ಕೂತಳು. ತನಗೂ ಮದುವೆಯಾದ ಹೊಸದರಲ್ಲಿ ಬೆಳಗಾದರೆ ಹಾಸಿಗೆಯಿಂದ ಕಾಲು ಕೆಳಗಿಡಲಾಗುತ್ತಿರಲಿಲ್ಲವೆಂದು, ಇಬ್ಬರಲ್ಲಿ ಒಬ್ಬರಾದರೂ ತಪ್ಪಿಸಿಕೊಂಡರಲ್ಲ ಎಂದು ಮಗನನ್ನು ನೋಡಿ ಸಮಾಧಾನಪಟ್ಟುಕೊಳ್ಳುತ್ತಿದ್ದೆನೆಂದು ಹೇಳಿದಳು. ಐಲ್ಸಾ ಜೋಡಿಸಿಕೊಂಡು ಬಂದ ಮಾತುಗಳಲ್ಲಿ ಅರ್ಧ ಹಾಗೇ ಉಳಿದವು. ಇನ್ನರ್ಧವನ್ನು ಹೇಳಿಯೇ ಹೇಳಿದಳು. ತಾಯಿ ಅತ್ತಳು. ಕ್ಷಮಿಸಿದೆ ಎಂದು ಐಲ್ಸಾ ಅನ್ನಲಿಲ್ಲ, ಆದರೆ ಆಲೂಗಡ್ಡೆಯ ನೀರು ಬಸಿದು ಇಬ್ಬರಿಗೂ ಬಡಿಸಿದಳು.

ಡಾಕ್ಟರ್ ಹೆಸ್ಕೆತ್ ಒಂದು ದಿನ ದಿನಸಿ ಅಂಗಡಿಯಲ್ಲಿ ಎದುರಾದ. ಉತ್ತರಗಳು ಪ್ರಾಮಾಣಿಕವಾಗಿಲ್ಲದಿದ್ದರೆ ಯಾವ ವೈದ್ಯನೂ ಏನು ಮಾಡಲಾದೀತು ಎಂದು ತಗ್ಗಿದ ದನಿಯಲ್ಲಿ ಶುರುಮಾಡಿದ. ನೀವು ಕಾಗದ ನೋಡಿದಿರಿ, ಅವನನ್ನು ನೋಡಲಿಲ್ಲ ಎಂದು ಅವಳು ಹೇಳಿದಳು. ಮುಂದಿನ ವಾರವೇ ತನ್ನ ಹೆಸರನ್ನೂ ತಾಯಿಯ ಹೆಸರನ್ನೂ ಇನ್ನೊಂದು ಊರಿನ ವೈದ್ಯರ ಬಳಿ ಬರೆಸಿದಳು.

ಕ್ಲೆಮ್ ಚಳಿಗಾಲದ ಹೊತ್ತಿಗೆ ಮನೆಗೆ ಬಂದ. ಅರ್ಧ ದಿನ ಮಾತ್ರ ಕೆಲಸ ಮಾಡುತ್ತಿದ್ದ. ಔಷಧಿ ಬೀರು ಬ್ರೊನ್‌ಳ ವಶದಲ್ಲಿತ್ತು, ಅದಕ್ಕೆ ಅವನು ದಿನವೂ ಗೊಣಗುತ್ತಿದ್ದ. ಮಾತ್ರೆಯಿಂದ ದಪ್ಪಗಾಗಿದ್ದ, ಸಿಡುಕನಾಗಿದ್ದ. ನಗಿಸುವುದು ಕಮ್ಮಿಯಾಯಿತೆಂದು ಪಬ್ಬಿನಲ್ಲಿ ಕೆಲವರು ಬೇಸರಪಟ್ಟುಕೊಂಡರು. ಅಕ್ಕನ ಜೊತೆ ಎರಡು ಸಲ ಜೋರು ಜಗಳವಾಡಿದ. ನನ್ನನ್ನು ಬದುಕಿಸಿದ್ದಕ್ಕೆ ಕೆಲವು ಬೆಳಗು ನಿನ್ನ ಮೇಲೆ ದ್ವೇಷ ಬರುತ್ತದೆ ಎಂದ. ಬರಲಿ ಬಿಡು, ಎದುರಿಗೇ ಬಂದು ಬಯ್ಯಿ ಎಂದಳು ಅವಳು.

ಒಂದು ಗುರುವಾರ ಐಲ್ಸಾ ಶಾಲೆಯ ಅಂಗಳದಲ್ಲಿ, ಬಿಡುವಿನ ಗದ್ದಲದ ನಡುವೆ, ಕುಸ್ತಿಗೆ ಬಿದ್ದಿದ್ದ ಇಬ್ಬರು ಹುಡುಗಿಯರನ್ನು ಬಿಡಿಸುತ್ತಿದ್ದಾಗ ಜೇಬಿನಲ್ಲಿ ಫೋನು ಗುಂಯ್ಗುಟ್ಟಿತು. ತಮ್ಮ. ಕೆಲಸದ ಹೊತ್ತಿನಲ್ಲಿ ಅವನು ಎಂದೂ ಫೋನು ಮಾಡಿದವನಲ್ಲ.

“ಇವತ್ತು ಸರಿ ಇಲ್ಲ ಐಲ್ಸಾ,” ಎಂದ. ಅದರ ಬೆನ್ನಿಗೆ ಯಾವ ತಮಾಷೆಯೂ ಬರಲಿಲ್ಲ.

“ಎಲ್ಲಿದೀಯ?”

“ಹಿಂದುಗಡೆ. ಗಾಡೀಲಿ.”

“ಕಿಟಕಿ ತೆಗಿ. ಬ್ರೊನ್‌ನ ಕರಿ, ನಿನ್ನ ಪಕ್ಕ ಕೂರ್ಲಿ. ಫೋನ್ ಇಡ್ಬೇಡ, ಮಾತಾಡ್ತಾ ಇರು. ಬರ್ತಿದೀನಿ.”

“ಏನು ಮಾತಾಡ್ಲಿ?”

“ಬೇಕಾದ್ರೆ ನನ್ನ ಬಯ್ಯಿ,” ಎಂದಳು. ಹುಡುಗಿಯರ ಕೈಬಿಟ್ಟು, ಅಂಗಳದ ಆ ಕಡೆ ನಿಂತಿದ್ದ ಮೇಷ್ಟರಿಗೆ ಮಕ್ಕಳನ್ನು ನೋಡಿಕೊಳ್ಳಲು ಕೈಸನ್ನೆ ಮಾಡಿ, ಫೋನು ಕಿವಿಗೊತ್ತಿಕೊಂಡೇ ಗೇಟಿನ ಕಡೆಗೆ ನಡೆದಳು. ಕ್ಲೆಮ್ ಬಯ್ಯಲು ಶುರುಮಾಡಿದ.